ಕೊನೆಗೆ ಮಾತಾಡಿದ ಪಕ್ಷ

ನಮ್ಮ ಮನೆಯಲ್ಲಿ ಚರ್ಚಾಸ್ಪರ್ಧೆಯ ತಯಾರಿ ನಡೆಯುತ್ತಿದ್ದದ್ದು ಕಾಫಿ ಒಣಗಿಸುವ ಕಣದಲ್ಲಿ. ನಾನು ಹೈಸ್ಕೂಲಿಗೆ ಸೇರಿ ಮೊದಲ ಸಲ ಸ್ಪರ್ಧೆಗೆ ಹೆಸರು ಕೊಟ್ಟಾಗಿನಿಂದಲೂ ಅದೇ ರೂಢಿ. ಕಾಫಿ ಇದ್ದ ದಿನ ಅಪ್ಪ ಮರದ ಗೋರುಮಣೆ ಹಿಡಿದು ಬೀಜ ತಿರುವುತ್ತಾ ಕಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಇಲ್ಲದ ದಿನ ಸುಮ್ಮನೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ನಾನು ಕಟ್ಟೆಯ ಮೇಲೆ ನಿಂತು "ಮಾನ್ಯ ತೀರ್ಪುಗಾರರೇ" ಎಂದು ಶುರು ಮಾಡುತ್ತಿದ್ದೆ. ಅಪ್ಪನ ಕೈಗೆ ಸಿಗುವಂತೆ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ಸಮಯ ಮುಗಿಯುತ್ತಾ ಬಂದಾಗ ಒಂದು ಬಡಿತ, ಮುಗಿದಾಗ ಎರಡು.

ಮೊದಲು ಒಂದು ಪಕ್ಷ ಮಾತಾಡಬೇಕು, ಆಮೇಲೆ ಅದಕ್ಕೆ ವಿರೋಧ. ಮಾರನೆಯ ದಿನ ಸ್ಪರ್ಧೆಯಲ್ಲಿ ಯಾವ ಪಕ್ಷ ವಹಿಸುತ್ತೇನೋ ಅದನ್ನು ಯಾವಾಗಲೂ ಕೊನೆಗೆ ಮಾತಾಡಬೇಕು. ಇದು ಅಪ್ಪನ ಕಾನೂನು. ಕೊನೆಗೆ ಆಡಿದ್ದು ನಾಲಗೆಯ ಮೇಲೆ ಉಳಿಯುತ್ತದಂತೆ.

"ಇದಕ್ಕೆ ಆಧಾರ ಏನಪ್ಪ?" ಎಂದು ಕೇಳಿದ್ದೆ.

"ರಾತ್ರಿ ಕೊನೇಗೆ ತಿಂದಿದ್ದು ಬೆಳಗ್ಗೆ ಬಾಯಲ್ಲಿ ಇರಕಿಲ್ವಾ? ಹಂಗೆ."

"ಹಲ್ಲುಜ್ಜಿದ್ರೆ ಇರಲ್ಲ."

"ಹಂಗಾರೆ ಉಜ್ಬೇಡ."

ಈ ವಾದದಲ್ಲಿ ಎಷ್ಟು ತೂತುಗಳಿವೆ ಎಂದು ನಾನು ಆಗಲೇ ವಿವರಿಸಬಹುದಿತ್ತು. ಆದರೆ ಆ ಪದ್ಧತಿಯಿಂದ ನಾನು ಗೆಲ್ಲುತ್ತಿದ್ದೆ. ಗೆಲ್ಲಿಸುವ ಪದ್ಧತಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ನನ್ನಂಥ ಸಂಶಯದ ಪ್ರಾಣಿ ಕೂಡ.

ಗೆಲ್ಲಿಸುವ ಇನ್ನೊಂದು ಉಪಾಯವನ್ನು ಹೇಳಿಕೊಟ್ಟವರು ಹೈಸ್ಕೂಲಿನ ಕನ್ನಡ ಮೇಡಂ. ಅಂಕಿ ಅಂಶ ಎಷ್ಟೇ ಹೇಳು, ಕೊನೆಯ ನಿಮಿಷಕ್ಕೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸು ಎನ್ನುತ್ತಿದ್ದರು. ಆಲೂರಿನಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಮೊಬೈಲ್ ಶಾಪ ಎಂದು ವಾದಿಸುತ್ತಾ, ಮೊಮ್ಮಗ ಫೋನಿನಿಂದ ತಲೆ ಎತ್ತಲಿ ಎಂದು ಊಟದ ತಟ್ಟೆ ಹಿಡಿದು ನಿಂತ ಒಬ್ಬ ಅಜ್ಜಿಯನ್ನು ತಂದು ನಿಲ್ಲಿಸಿದೆ. ಅಂಥ ಅಜ್ಜಿ ಎಲ್ಲೂ ಇರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಬಂತು. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ನನಗೆ ಖುಷಿಯ ಜೊತೆಗೆ ಒಂದು ಸಣ್ಣ ಅಸಹ್ಯವೂ ಆಯಿತು. ಇಷ್ಟೇನಾ? ಸರಿ ಯಾವುದು ತಪ್ಪು ಯಾವುದು ಎಂದು ತೀರ್ಮಾನವಾಗುವುದು ಒಬ್ಬರ ಕನ್ನಡಕ ಒದ್ದೆಯಾಗುವುದರ ಮೇಲೆಯೇ?

ಸಕಲೇಶಪುರದ ಕಾಲೇಜಿನಲ್ಲಿ ಪಿಯುಸಿಗೆ ಸೇರಿದಾಗ ನನಗೆ ಗಣಿತ ಹಿಡಿಸಿದ್ದು ಈ ಕಾರಣಕ್ಕೆ. ಗಣಿತದ ಸಾಧನೆಗೆ, ಅಂದರೆ ಪ್ರೂಫಿಗೆ, ತೀರ್ಪುಗಾರರು ಬೇಡ. ಹೇಳುವವಳ ದನಿ ಚೆನ್ನಾಗಿದೆಯೋ, ಕಣ್ಣಲ್ಲಿ ನೀರಿದೆಯೋ, ಯಾವುದೂ ಲೆಕ್ಕಕ್ಕಿಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲು ಬರುತ್ತದೆ ಅಥವಾ ಬರುವುದಿಲ್ಲ. ನಮಗೆ ಗಣಿತ ಹೇಳುತ್ತಿದ್ದವರು ಅತಿಥಿ ಉಪನ್ಯಾಸಕರು. ವಾರದಲ್ಲಿ ಕೆಲವು ದಿನ ಆಲೂರಿನ ಕಾಲೇಜಿನಲ್ಲಿ, ಕೆಲವು ದಿನ ನಮ್ಮಲ್ಲಿ. ನಾನು ಬೋರ್ಡಿನ ಮೇಲಿದ್ದ ಒಂದು ಹೆಜ್ಜೆಯನ್ನು "ಇದು ಯಾಕೆ ಸರ್?" ಎಂದು ಕೇಳಿದಾಗ ಅವರು ಬೈಯಲಿಲ್ಲ. ಸೀಮೆಸುಣ್ಣದ ಕಡ್ಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, "ಒಳ್ಳೇ ಪ್ರಶ್ನೆ. ನಾನೂ ಇದನ್ನ ನಂಬ್ಕೊಂಡೇ ಬಂದ್ಬಿಟ್ಟಿದ್ದೆ" ಎಂದು ಮೊದಲಿನಿಂದ ಶುರು ಮಾಡಿದರು. ಮನುಷ್ಯರಲ್ಲಿ ಇದು ಅಪರೂಪ.

ನಾನು ಆಯ್ದುಕೊಂಡಿದ್ದ ಕಾಂಬಿನೇಷನ್‌ನಲ್ಲಿ ಗಣಿತವೂ ಇತ್ತು, ಜೀವಶಾಸ್ತ್ರವೂ ಇತ್ತು. ಎರಡೂ ಇದ್ದರೆ ಎರಡು ಬಾಗಿಲು ತೆರೆದಿರುತ್ತವೆ ಎಂದು ಎಲ್ಲರೂ ಹೇಳಿದ್ದರು. ಮೊದಲ ವರ್ಷದ ಜನವರಿಯಲ್ಲಿ ಕಾಲೇಜಿನವರು ಶನಿವಾರದ ವಿಶೇಷ ತರಗತಿ ಶುರು ಮಾಡುವುದಾಗಿ ಹೇಳಿದಾಗ ಗೊತ್ತಾಯಿತು, ಬಾಗಿಲು ಎರಡಿದ್ದರೂ ಒಳಗೆ ಹೋಗುವ ಕಾಲು ಒಂದೇ ಜೊತೆ ಎಂದು. ಮೆಡಿಕಲ್ ಪ್ರವೇಶ ಪರೀಕ್ಷೆಗೆ ಜೀವಶಾಸ್ತ್ರದ ಮೇಲುಮಟ್ಟದ ಕ್ಲಾಸು, ಪಠ್ಯದಾಚೆಯ ಗಣಿತಕ್ಕೆ ಇನ್ನೊಂದು. ಎರಡೂ ಶನಿವಾರ ಮಧ್ಯಾಹ್ನ, ಒಂದೇ ಹೊತ್ತಿಗೆ, ಅಕ್ಕಪಕ್ಕದ ಕೋಣೆಗಳಲ್ಲಿ.

ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಜೊತೆಗೆ ಆನೇಮಹಲಿನ ನನ್ನ ಗೆಳತಿಯೂ ಇದ್ದಳು. ಅವಳು ಆಗಲೇ ಗಣಿತವೆಂದು ನಿರ್ಧರಿಸಿದ್ದವಳು, ಬಂದದ್ದು ತಮಾಷೆ ನೋಡುವುದಕ್ಕೆ.

"ಒಂದನ್ನ ಬೆಳಗ್ಗೆ ಇಡಬಹುದಲ್ಲ ಸರ್?"

"ಬೆಳಗ್ಗೆ ಮಾಮೂಲಿ ಕ್ಲಾಸ್ ಇದೆಯಲ್ಲಮ್ಮ."

"ಅದಕ್ಕೂ ಮುಂಚೆ?"

"ನಿನ್ನ ಬಸ್ಸು ಯಸಳೂರು ಬಿಡೋದೇ ಎಷ್ಟೊತ್ತಿಗೆ?"

"ಸರಿ, ಒಂದಾದ ಮೇಲೆ ಒಂದು ಇಡಿ. ಸಾಯಂಕಾಲದವರೆಗೆ ಇರ್ತೀವಿ."

ಪ್ರಿನ್ಸಿಪಾಲರು ಮೊಬೈಲನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿದರು. ಅರಣ್ಯ ಇಲಾಖೆಯವರು ಕಳಿಸಿದ ಆವತ್ತಿನ ಆನೆ ಸಂದೇಶ: ಯಾವ ತೋಟದಲ್ಲಿ ಹಿಂಡು ಇದೆ, ಯಾವ ರಸ್ತೆಯಲ್ಲಿ ಎಚ್ಚರ. ನಮ್ಮ ಯಸಳೂರಿನ ದಾರಿ ಅದರಲ್ಲಿತ್ತು. ಹೆಚ್ಚುಕಡಿಮೆ ದಿನವೂ ಇರುತ್ತಿತ್ತು. ಸಂಜೆ ಬಸ್ಸು ಇಳಿದು ತೋಟದ ದಾರಿಯಲ್ಲಿ ಮನೆಗೆ ನಡೆಯುವ ಮಕ್ಕಳನ್ನು ಯಾವ ಕಾಲೇಜೂ ಕತ್ತಲಾಗುವ ತನಕ ಇಟ್ಟುಕೊಳ್ಳುವುದಿಲ್ಲ.

"ಆನೆಗಳ ಹತ್ರ ಮಾತಾಡಿ ಟೈಮ್‌ಟೇಬಲ್ ಒಪ್ಪಿಸ್ಕೊಂಡು ಬಾ. ಆಮೇಲೆ ನಾನು ಬದಲಾಯಿಸ್ತೀನಿ," ಎಂದರು. "ನೀನು ಚರ್ಚೇಲಿ ಗೆದ್ದೋಳಲ್ವಾ."

ಗೆಳತಿ ಕಿಸಕ್ಕನೆ ನಕ್ಕಳು. ನಾನು ಬಿಡಲಿಲ್ಲ. ಒಂದು ವಾರ ಅದು, ಒಂದು ವಾರ ಇದು ಮಾಡುತ್ತೇನೆ ಎಂದೆ. ಅದಕ್ಕೆ ಅಡ್ಡ ಬಂದವರು, ಅಲ್ಲೇ ಹಾಜರಿ ಹಾಕಲು ಬಂದಿದ್ದ ಗಣಿತದ ಸರ್.

"ಅರ್ಧ ಸಾಧನೆ ಸಾಧನೆ ಅಲ್ಲ ಕಣಮ್ಮ. ಬರೋದಾದ್ರೆ ಪೂರ್ತಿ ಬಾ. ಇಲ್ಲಾ ಅಂದ್ರೆ ಆ ಕಡೆಗೇ ಪೂರ್ತಿ ಹೋಗು. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದು ಅವರು ಹೇಳಿದ ರೀತಿಯಿಂದಲೇ ನನಗೆ ಗೊತ್ತಾಯಿತು, ನಾನು ಬರಬೇಕೆಂದು ಅವರಿಗಿದೆ ಎಂದು. ಪ್ರಿನ್ಸಿಪಾಲರು ಕೊನೆಯ ಮಾತು ಹೇಳಿದರು: ಯಾವ ಕ್ಲಾಸು ಎಂಬುದನ್ನು ಮನೆಯವರು ಬಂದು ಹೇಳಬೇಕು. ಹಿಂದಿನ ವರ್ಷ ಹುಡುಗರು ಈ ಕೋಣೆಯಿಂದ ಆ ಕೋಣೆಗೆ ಅಲೆದು ಯಾವುದನ್ನೂ ಮುಗಿಸಿರಲಿಲ್ಲವಂತೆ. ಮೊದಲ ಶನಿವಾರದ ಕ್ಲಾಸು ಶುರುವಾಗುವ ತನಕ ಬದಲಾಯಿಸಬಹುದು, ಆಮೇಲೆ ಇಲ್ಲ.

ನನಗೆ ಗಣಿತ ಬೇಕು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸಂಶಯವಿಲ್ಲದಿರುವುದೇ ನನಗೆ ಸಂಶಯ ಹುಟ್ಟಿಸಿತು, ಅದಕ್ಕೇ ಭಾನುವಾರ ಕಣದಲ್ಲಿ ಚರ್ಚೆ ಇಟ್ಟುಕೊಂಡೆ. ವಿಷಯ: ಶನಿವಾರದ ಕ್ಲಾಸು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಮೊದಲು ಗಣಿತದ ಪರ ಮಾತಾಡುವುದು. ಆಮೇಲೆ ಜೀವಶಾಸ್ತ್ರದ ಪರ, ಎಷ್ಟು ಬಲವಾಗಿ ಸಾಧ್ಯವೋ ಅಷ್ಟು ಬಲವಾಗಿ. ಕೊನೆಗೆ ಮತ್ತೆ ಗಣಿತಕ್ಕೆ ಬಂದು ಎದುರಾಳಿಯನ್ನು, ಅಂದರೆ ನನ್ನನ್ನೇ, ಮಣ್ಣು ಮುಕ್ಕಿಸುವುದು. ಬಲಹೀನ ಎದುರಾಳಿಯನ್ನು ಸೋಲಿಸಿದರೆ ಅದು ಗೆಲುವಲ್ಲ ಎಂದು ಆಗ ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಬೇರೆ ದಾರಿಯಿಲ್ಲದೆ.

ಮೊದಲ ಭಾಷಣ ಚೆನ್ನಾಗಿಯೇ ಆಯಿತು. ಅಪ್ಪ ಕಾಫಿ ತಿರುವುತ್ತಾ ತಲೆಯಾಡಿಸಿದ. ತಟ್ಟೆ ಬಡಿದ.

ಎರಡನೆಯದರಲ್ಲಿ ಕೊನೆಯ ನಿಮಿಷಕ್ಕೆ ಒಬ್ಬ ಮನುಷ್ಯ ಬೇಕಿತ್ತು. ಹುಡುಕಬೇಕಾಗಿಯೂ ಇರಲಿಲ್ಲ, ಕಣ್ಣೆದುರಿಗೇ ಇದ್ದ. ಎರಡು ವರ್ಷದಿಂದ ಅಪ್ಪನಿಗೆ ಕಾಫಿ ಸುಗ್ಗಿಯಲ್ಲಿ ಉಬ್ಬಸ ಬರುತ್ತಿತ್ತು. ಒಣಗಿದ ಕಾಫಿಯ ಧೂಳು ಮೂಗಿಗೆ ಹೋದರೆ ಎದೆ ಸುಯ್ಯೆನ್ನುತ್ತಿತ್ತು. ಯಾರಾದರೂ ಎದುರಿಗಿದ್ದರೆ ಗೋರುಮಣೆ ಒರಗಿಸಿ, ಬೀಡಿ ಸೇದುವವನ ಹಾಗೆ ಮನೆಯ ಹಿಂದೆ ಹೋಗಿ ಉಬ್ಬಸದ ಔಷಧಿಯ ಪಂಪು ಎಳೆದುಕೊಂಡು ಬರುತ್ತಿದ್ದ. ನಾನು ಹೇಳಿದೆ: "ತೀರ್ಪುಗಾರರೇ, ಗೋರುಮಣೆ ಹಿಡಿದು ನಿಂತ ಈ ಮನುಷ್ಯನನ್ನು ನೋಡಿ. ಇವರಿಗೆ ಉಸಿರು ಸಿಗದೆ ಹೋದ ದಿನ ನಾವು ಸಕಲೇಶಪುರ ಮುಟ್ಟಬೇಕು, ಅಲ್ಲಿಂದ ಹಾಸನ ಮುಟ್ಟಬೇಕು, ರಸ್ತೆಯಲ್ಲಿ ಆನೆ ನಿಂತಿರಬಾರದು. ಇವರ ಎದೆಯ ಸದ್ದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ಕೇಳಿಸಿಯೂ ಅದು ಏನೆಂದು ಅರ್ಥವಾಗದ ವಿದ್ಯೆ ನನಗೆ ಯಾಕೆ?"

ಅಪ್ಪ ಗೋರುಮಣೆ ನಿಲ್ಲಿಸಿದ್ದ. ಸಮಯ ಮೀರಿತ್ತು, ತಟ್ಟೆ ಬಡಿಯಲಿಲ್ಲ.

ಆಗ ಮಳೆ ಬಂತು. ಜನವರಿಯಲ್ಲಿ ಯಾರಿಗೂ ಬೇಡದ ಮಳೆ. ಮೂರನೆಯ ಭಾಷಣಕ್ಕೆಂದು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಪ್ಪ "ಟಾರ್ಪಾಲು, ಟಾರ್ಪಾಲು!" ಎಂದು ಕೂಗಿದ. ಅಮ್ಮ ಒಳಗಿನಿಂದ ಓಡಿ ಬಂದಳು. ಮೂವರೂ ಸೇರಿ ಕಾಫಿಯನ್ನು ಗುಡ್ಡೆ ಎಳೆದು ಮುಚ್ಚಿ, ಅಂಚಿಗೆ ಕಲ್ಲಿಟ್ಟೆವು. ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಒಂದು ವರ್ಷದ ಕೆಲಸ ಹಾಳು. ಅಪ್ಪ ಆಮೇಲೆ ಜಗಲಿಯಲ್ಲಿ ಕೂತು ಸುಯ್ ಸುಯ್ ಎನ್ನುತ್ತಾ ನನ್ನನ್ನೇ ನೋಡುತ್ತಿದ್ದ. ಚರ್ಚೆಯ ಮಾತು ಯಾರೂ ಎತ್ತಲಿಲ್ಲ. ನಾಳೆ ಮುಗಿಸಿದರಾಯಿತು ಎಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತಾ ಎರಡು ದಿನ ಹೋಯಿತು.

ಬುಧವಾರ ಕಾಲೇಜಿನ ಮೆಟ್ಟಿಲಲ್ಲಿ ಗಣಿತದ ಸರ್ ಸಿಕ್ಕರು. "ನಿಮ್ಮ ತಂದೆ ನಿನ್ನೆ ಬಂದಿದ್ರು. ಬಯಾಲಜಿಗೆ ಹೇಳಿ ಹೋದ್ರು. ಒಳ್ಳೇದಾಗ್ಲಿ," ಎಂದರು. ಸುಣ್ಣದ ಕಡ್ಡಿ ಕಿವಿಯ ಹಿಂದೆಯೇ ಇತ್ತು.

ನಾನು ತಪ್ಪಾಗಿದೆ ಎಂದೆ. "ಹಾಗಿದ್ರೆ ಶನಿವಾರದೊಳಗೆ ಅವರನ್ನೇ ಇನ್ನೊಂದ್ಸಲ ಕರ್ಕೊಂಡು ಬಾ," ಎಂದು ಅವರು ಮೆಟ್ಟಿಲಿಳಿದರು. ಗೆಳತಿ ನನ್ನ ಮುಖ ನೋಡಿ, "ನಿಮ್ಮಪ್ಪನಿಗೆ ನೀನೇ ಭಾಷಣ ಮಾಡಿರ್ತೀಯ ಬಿಡೆ. ಇಡೀ ತಾಲ್ಲೂಕನ್ನೇ ಒಪ್ಪಿಸೋಳು, ಅಪ್ಪ ಯಾವ ಲೆಕ್ಕ!" ಎಂದು ಹಂಗಿಸಿದಳು. ಅದು ಎಷ್ಟು ನಿಜ ಎಂದು ಅವಳಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ವಾದ ಸಿದ್ಧವಾಗಿತ್ತು. ಕೋಪ ಕೂಡ. ನನ್ನನ್ನು ಕೇಳದೆ ಹೇಗೆ ಹೋದ? ಆದರೆ ಅಂಗಳದಲ್ಲಿ ಪಕ್ಕದ ತೋಟದ ದೊಡ್ಡಪ್ಪ ಕೂತಿದ್ದರು, ಅಪ್ಪ ಅವರಿಗೆ ಹೇಳುತ್ತಿದ್ದ:

"ನಾನೇನೂ ಬಲವಂತ ಮಾಡ್ಲಿಲ್ಲ ಕಣಣ್ಣ. ಎರಡು ಕಡೇನೂ ಮಾತಾಡಿದ್ಲು. ಕೊನೇಗೆ ಡಾಕ್ಟ್ರು ಓದಿಗೇ ನಿಂತ್ಲು. ಕೊನೇಗೆ ಆಡಿದ್ದೇ ಅವಳ ಪಕ್ಷ, ನಮ್ಮನೇಲಿ ಯಾವಾಗ್ಲೂ ಹಂಗೇ ಅಲ್ವಾ. ಅದ್ಕೇ ಮೆಣಸಿನ ಕೆಲ್ಸಕ್ಕೆ ಪ್ಯಾಟೆಗೆ ಹೋದೋನು ಹಂಗೇ ಹೇಳ್ಬುಟ್ಟು ಬಂದೆ."

"ಅಪ್ಪನ ಕಾಯಿಲೆ ನೋಡಿ ಮಗಳು ಡಾಕ್ಟ್ರಾಗ್ತಾಳೆ ಅನ್ನು."

"ಗೋಡೆ ಆಚೆಯಿಂದ ಕೇಳ್ತದೆ ಅಂದ್ಲು ಕಣಣ್ಣ. ನಾನು ಯಾರಿಗೂ ಗೊತ್ತಾಗಲ್ಲ ಅಂದ್ಕಂಡಿದ್ದೆ."

ಅಪ್ಪ ತಪ್ಪು ಮಾಡಿರಲಿಲ್ಲ. ನಮ್ಮ ಮನೆಯ ಕಾನೂನಿನ ಪ್ರಕಾರವೇ ತೀರ್ಪು ಕೊಟ್ಟಿದ್ದ. ಮಳೆ ಬಂದು ಮೂರನೆಯ ಭಾಷಣ ನಿಂತುಹೋಗಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಅಂಥದ್ದೊಂದಿದೆ ಎಂದು ನಾನು ಹೇಳಿಯೇ ಇರಲಿಲ್ಲ.

ಗುರುವಾರ ಇಡೀ ದಿನ ಯೋಚಿಸಿದೆ. ನೇರವಾಗಿ ಹೇಳಿಬಿಡುವುದು ಸುಲಭ: ಅಪ್ಪ, ಅದು ಅಭ್ಯಾಸಕ್ಕೆ ಆಡಿದ್ದು, ನನಗೆ ಬೇಕಾದದ್ದು ಗಣಿತ. ಆದರೆ ಮುಂದಿನ ಪ್ರಶ್ನೆ ನನಗೆ ಕಾಣುತ್ತಿತ್ತು. ಎದುರಾಳಿಯ ಮುಂದಿನ ಪ್ರಶ್ನೆ ಕಾಣುವುದೇ ನನ್ನ ತರಬೇತಿ. ಹಾಗಾದರೆ ನನ್ನ ಉಬ್ಬಸದ ಬಗ್ಗೆ ಆಡಿದ್ದೂ ಅಭ್ಯಾಸಕ್ಕಾ ಎಂದು ಅಪ್ಪ ಕೇಳುತ್ತಾನೆ. ಅದಕ್ಕೆ ಉತ್ತರವೇನು? ಸಂಗತಿಗಳೆಲ್ಲ ನಿಜ, ತೀರ್ಮಾನ ಮಾತ್ರ ನನ್ನದಲ್ಲ ಎಂದೇ? ಆಲೂರಿನ ಅಜ್ಜಿ ಇರಲಿಲ್ಲ, ಆದ್ದರಿಂದ ಅವಳಿಗೆ ನೋವಾಗಲಿಲ್ಲ. ಈ ಮನುಷ್ಯ ಇದ್ದ.

ಕೊನೆಗೆ ಒಂದು ಮಧ್ಯದ ದಾರಿ ಹೊಳೆಯಿತು. ನಿಂತುಹೋದ ಮೂರನೆಯ ಭಾಷಣವನ್ನು ಮಾಡುವುದು. ಮನೆಯ ಕಾನೂನಿನ ಪ್ರಕಾರ ಕೊನೆಗೆ ಮಾತಾಡಿದ ಪಕ್ಷವೇ ನನ್ನದು. ಅಪ್ಪ ತಾನಾಗಿಯೇ ಅರ್ಥ ಮಾಡಿಕೊಂಡು ಶನಿವಾರ ಬೆಳಗ್ಗೆ ಕಾಲೇಜಿಗೆ ಬರುತ್ತಾನೆ. ಉಬ್ಬಸದ ಮಾತಿಗೆ ಯಾರೂ ಕೈ ಹಚ್ಚಬೇಕಾಗಿಲ್ಲ.

ಶುಕ್ರವಾರ ಕಾಲೇಜಿನಿಂದ ಬಂದವಳೇ ಕಟ್ಟೆ ಹತ್ತಿದೆ. ಬಿಸಿಲು ಇಳಿಯುತ್ತಿತ್ತು, ಅಪ್ಪ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದ.

"ಅವತ್ತು ಮಳೆ ಬಂದು ನಿಂತೋಯ್ತಲ್ಲಪ್ಪ. ಇನ್ನೊಂದು ಬಾಕಿ ಐತೆ. ತಟ್ಟೆ ತಗೋ."

"ಇನ್ನೂ ಯಾತಕ್ಕೆ ಮಗಾ? ಹೇಳಾಯ್ತಲ್ಲ."

"ಕೇಳು ಸುಮ್ನೆ."

ಅವನು ಕೂತ. ನಾನು ಮಾತಾಡಿದೆ. ಯಾರನ್ನೂ ತಂದು ನಿಲ್ಲಿಸಲಿಲ್ಲ, ಯಾವ ಉಪಾಯವೂ ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ಗಣಿತದ ಸರ್ ಬೋರ್ಡಿನ ಮುಂದೆ ನಿಂತು ತಾನೂ ನಂಬಿಕೊಂಡು ಬಂದಿದ್ದೆ ಎಂದದ್ದನ್ನು ಹೇಳಿದೆ. ತೀರ್ಪುಗಾರರು ಬೇಡದ ಒಂದು ಮಾತು ಜಗತ್ತಿನಲ್ಲಿ ಇದೆ ಎಂದರೆ ಅದು ನನಗೆ ಬೇಕು ಎಂದೆ. ಹೇಳುತ್ತಾ ಹೇಳುತ್ತಾ ನಾಲಗೆ ತಡವರಿಸಿತು. ಹೀಗೆ ನನಗೆ ಎಂದೂ ಆಗಿರಲಿಲ್ಲ. ಎರಡು ಸಲ ಒಂದೇ ವಾಕ್ಯ ಹೇಳಿದೆ. ನನಗೆ ನಿಜವಾಗಿಯೂ ಬೇಕಾದದ್ದರ ಬಗ್ಗೆ ನಾನು ಅಲ್ಲಿಯತನಕ ಯಾರ ಮುಂದೆಯೂ ಮಾತಾಡಿರಲಿಲ್ಲ, ಮಾತಾಡುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಅಪ್ಪ ಸರಿಯಾದ ಹೊತ್ತಿಗೆ ಒಂದು ಬಡಿದ, ಆಮೇಲೆ ಎರಡು.

"ಚೆನ್ನಾಗೈತೆ," ಎಂದ. ಚಮಚವನ್ನು ತಟ್ಟೆಯೊಳಗೆ ಇಟ್ಟ. "ಆದ್ರೆ ಮೊನ್ನೆದಷ್ಟಿಲ್ಲ ಕಣೆ. ಮೊನ್ನೆದು ಕೇಳಿದ್ರೆ ಗೊತ್ತಾಗೋದು, ಇದು ಇವಳ ಒಳಗಿನ ಮಾತು ಅಂತ. ಇದು ಯಾಕೋ ಯಾರೋ ಬರ್ಕೊಟ್ಟಂಗಿತ್ತು. ನಿಂಗೇ ಮನಸ್ಸಿಲ್ದೆ ಹೇಳ್ದಂಗೆ."

ನಾನು ಕಟ್ಟೆಯಿಂದ ಇಳಿದೆ.

"ಬೇಜಾರು ಮಾಡ್ಕೊಬೇಡ. ಸೋತ ಪಕ್ಷಾನೂ ಒಂದ್ಸಲ ಆಡಿ ನೋಡ್ಬೇಕು ಅಂತ ಆಡ್ದೆ ಅಲ್ವಾ? ಒಳ್ಳೇದೇ. ಗುಮಾನಿ ಇಲ್ದಂಗೆ ಆಯ್ತು."

ಎಷ್ಟೋ ವೇದಿಕೆಗಳಲ್ಲಿ ತೀರ್ಪುಗಾರರ ಜೊತೆ ಜಗಳವಾಡಿದ್ದೇನೆ. ಒಮ್ಮೆ ಅಂಕ ಹೇಗೆ ಕೊಟ್ಟಿರಿ ತೋರಿಸಿ ಎಂದು ಕೇಳಿ ಮೇಡಂ ಕೈಯಲ್ಲಿ ಬೈಸಿಕೊಂಡಿದ್ದೂ ಇದೆ. ಈ ತೀರ್ಪಿನ ಮೇಲೆ ಏನು ಜಗಳ? ಅವನು ನ್ಯಾಯವಾಗಿಯೇ ಕೇಳಿಸಿಕೊಂಡಿದ್ದ. ಕೇಳಿದ್ದರಲ್ಲಿ ಯಾವುದು ಚೆನ್ನಾಗಿತ್ತೋ ಅದನ್ನು ಹೇಳಿದ. ಅದು ಚೆನ್ನಾಗಿಯೇ ಇತ್ತು, ನಾನೇ ಕಟ್ಟಿದ್ದು.

ಅಪ್ಪ ಟಾರ್ಪಾಲಿನ ಒಂದು ತುದಿ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಬಗ್ಗಿ ಎದ್ದಾಗ ಅವನ ಎದೆ ಸದ್ದು ಮಾಡಿತು. ಈ ಸಲ ಅವನು ಮನೆಯ ಹಿಂದೆ ಹೋಗಲಿಲ್ಲ. ನನ್ನ ಎದುರಿಗೇ ಜೇಬಿನಿಂದ ಪಂಪು ತೆಗೆದು ಎಳೆದುಕೊಂಡ. ಅದನ್ನು ನೋಡಿದ ಮೇಲೆ ನನ್ನಲ್ಲಿ ಉಳಿದಿದ್ದ ನಾಲ್ಕು ಮಾತೂ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ನಾನು ಜೀವಶಾಸ್ತ್ರದ ಕೋಣೆಯಲ್ಲಿ ಕೂತೆ. ಎರಡು ಕೋಣೆಗಳ ನಡುವೆ ಇದ್ದದ್ದು ಅರ್ಧ ಗೋಡೆ, ಮೇಲರ್ಧ ಹಲಗೆ. ಹಾಸನದಿಂದ ಬಂದ ಮೇಡಂ ಪರದೆಯ ಮೇಲೆ ಶ್ವಾಸಕೋಶದ ಚಿತ್ರ ತೋರಿಸುತ್ತಿದ್ದರೆ ಹಲಗೆಯಾಚೆಯಿಂದ ಗಣಿತದ ಸರ್ ದನಿ ಬರುತ್ತಿತ್ತು, ಶಬ್ದಗಳು ಬಿಡಿಸಿ ಕೇಳುತ್ತಿರಲಿಲ್ಲ. ನಡುನಡುವೆ ಅವರು ನಿಲ್ಲಿಸುತ್ತಿದ್ದರು. ಬೋರ್ಡನ್ನು ನೋಡುತ್ತಾ ನಿಂತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಯಾರೋ ಪ್ರಶ್ನೆ ಕೇಳಿರಬೇಕು.

ಕ್ಲಾಸು ಬಿಟ್ಟ ಮೇಲೆ ಗೆಳತಿ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದಳು. "ಇವತ್ತಿನ ಲೆಕ್ಕ ಹೇಳ್ಲೇನೇ? ಎಂಥ ಚೆಂದ ಇತ್ತು ಗೊತ್ತಾ, ಮಾರಾಯ್ತಿ!"

"ಬೇಡ ಕಣೆ. ಬಸ್ಸು ಬಂತು," ಎಂದೆ. ಬಸ್ಸು ಬಂದಿರಲಿಲ್ಲ.

ಮುಂದಿನದು ಹೆಚ್ಚು ಹೇಳುವಂಥದ್ದಲ್ಲ. ಮನಸ್ಸಿಟ್ಟೇ ಓದಿದೆ. ಮೆಡಿಕಲ್ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ನಮ್ಮ ಕ್ಲಾಸಿನಲ್ಲಿ ಯಾರಿಗೂ ಬರಲಿಲ್ಲ, ಅದೇನೂ ಸಮಾಧಾನವಲ್ಲ. ಈಗ ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಕೆಲಸ ಕೀಳಲ್ಲ, ನಾನು ಅದರಲ್ಲಿ ದಡ್ಡಿಯೂ ಅಲ್ಲ. ಗಣಿತಕ್ಕೆ ಹೋಗಿದ್ದರೆ ಗೆಲ್ಲುತ್ತಿದ್ದೆ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆಧಾರವಿಲ್ಲದ್ದನ್ನು ನಾನು ಹೇಳುವುದಿಲ್ಲ. ಹಲಗೆಯಾಚೆ ಏನಿತ್ತು ಎಂದು ನನಗೆ ಗೊತ್ತಿಲ್ಲ, ಅಷ್ಟು ಮಾತ್ರ ನಿಜ.

ಈ ಸಲದ ಕಾಫಿ ಸುಗ್ಗಿಗೆ ರಜೆ ಹಾಕಿ ಬಂದಿದ್ದೆ. ಸಂಜೆ ಕಣದ ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿ ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಗೋಡೆಯಾಚೆಯಿಂದ ಕೇಳುತ್ತಿದ್ದ ಅದೇ ಸದ್ದು, ಈಗ ಕಿವಿಯೊಳಗೆ, ಮೊದಲಿಗಿಂತ ಜೋರಾಗಿ.

"ಏನಂತೆ?" ಎಂದ.

"ಧೂಳಿಗೆ ಬರ್ಬೇಡ. ಬಂದ್ರೂ ಮೂಗಿಗೆ ಬಟ್ಟೆ ಕಟ್ಕೊ."

"ಇಷ್ಟ್ ಹೇಳಕ್ಕೆ ಇಷ್ಟ್ ವರ್ಷ ಓದ್ಬೇಕಾ?" ಎಂದು ನಕ್ಕು, ಆ ನಗುವಿಗೇ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅಂಗಿ ಹಾಕಿಕೊಳ್ಳುತ್ತಾ, "ಆದ್ರೂ ಅವತ್ತು ಸರಿಯಾದ್ದೇ ಆರಿಸ್ಕೊಂಡೆ ಬುಡು ಮಗಾ," ಎಂದ. "ಅಲ್ವಾ?"

ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಾ ನನ್ನ ಉತ್ತರಕ್ಕೆ ಕಾದ. ಸಮಯ ಬೇಕಾದಷ್ಟಿತ್ತು. ತಟ್ಟೆ ಬಡಿಯುವವರು ಯಾರೂ ಇರಲಿಲ್ಲ.